ಗೆಳೆಯರ ಗುಂಪು: ಕೇಳುವ ಕಿವಿಗಳು ಕಟ್ಟಿದ ಸಾಹಿತ್ಯ

1922ರ ಧಾರವಾಡದಲ್ಲಿ ಕನ್ನಡ ಕವಿತೆ ಬರೆಯುವವನಿಗೆ ಆಸರೆಗಳು ತೀರ ಕಡಿಮೆ. ಮೈಸೂರಿಗೆ ಅರಮನೆಯ ಪೋಷಣೆಯಿತ್ತು, 1916ರಲ್ಲಿ ಶುರುವಾದ ವಿಶ್ವವಿದ್ಯಾನಿಲಯವಿತ್ತು. ಬೆಂಗಳೂರಿನಲ್ಲಿ 1915ರಿಂದ ಸಾಹಿತ್ಯ ಪರಿಷತ್ತು ನಡೆಯುತ್ತಿತ್ತು. ಮುಂಬಯಿ ಇಲಾಖೆಯ ದಕ್ಷಿಣದ ತುದಿಯಲ್ಲಿದ್ದ ಧಾರವಾಡಕ್ಕೆ ರಾಜನೂ ಇರಲಿಲ್ಲ, ವಿಶ್ವವಿದ್ಯಾಲಯವೂ ಇರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಅದೂ ಮುಂಬಯಿಯಲ್ಲಿ. ಧಾರವಾಡಕ್ಕೆ ಬಂದದ್ದು ಮರುವರ್ಷ. ಅಲ್ಲಿಯವರೆಗೆ ಈ ಭಾಗದ ಹೊಸ ಸಾಹಿತ್ಯ ಕಾಯಬೇಕಾಗಿತ್ತು. ಅದು ಕಾಯಲಿಲ್ಲ.

1922ರಲ್ಲೇ 26ರ ಹರೆಯದ ಒಬ್ಬ ಶಾಲಾ ಮಾಸ್ತರರು ತಮ್ಮ ಸುತ್ತ ನಾಲ್ಕಾರು ಜನರನ್ನು ಕೂಡಿಸಿಕೊಂಡರು. ಬರೆದದ್ದನ್ನು ಓದಿ ತೋರಿಸುವುದು, ಓದಿದ್ದನ್ನು ಹಂಚಿಕೊಳ್ಳುವುದು, ನಾಡಿನ ಸಂಸ್ಕೃತಿಯನ್ನು ಕೂಡಿ ಅಭ್ಯಾಸ ಮಾಡುವುದು ಅವರ ಉದ್ದೇಶ. ಅವರು ಇಟ್ಟುಕೊಂಡ ಹೆಸರಿನಲ್ಲಿ ಸಭೆ, ಸಂಘ, ಮಂಡಳಿ ಯಾವುದೂ ಇರಲಿಲ್ಲ. ಅದು ಗೆಳೆಯರ ಗುಂಪು. ಮಾಸ್ತರರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ.

ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಕೃತಿಗಳಿಗೆ ಜಾಗವಿದೆ, ಕರ್ತೃಗಳಿಗೆ ಜಾಗವಿದೆ. ಕೃತಿ ಇನ್ನೂ ಹಸ್ತಪ್ರತಿಯಾಗಿದ್ದಾಗ ಅದನ್ನು ಮೊದಲು ಕೇಳಿಸಿಕೊಂಡವರಿಗೆ ಒಂದು ಸಾಲೂ ಸಿಗುವುದು ಅಪರೂಪ. ಗೆಳೆಯರ ಗುಂಪಿನ ಕತೆ ಮುಖ್ಯವಾಗುವುದು ಇಲ್ಲಿ. ಒಂದು ಸೀಮೆಯ ಸಾಹಿತ್ಯ ತಲೆಯೆತ್ತಬೇಕಾದರೆ ಬರೆಯುವವರು ಎಷ್ಟು ಬೇಕೋ, ಕಿವಿಗೊಟ್ಟು ಕೇಳುವವರೂ ಅಷ್ಟೇ ಬೇಕು ಎಂಬುದಕ್ಕೆ ಆಧುನಿಕ ಕನ್ನಡದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಾಣುವುದಿಲ್ಲ.

ಇಲಾಖೆಯ ತುದಿಯ ಊರು

ಗುಂಪು ಬರಿಯ ನೆಲದ ಮೇಲೆ ಹುಟ್ಟಲಿಲ್ಲ. ಧಾರವಾಡದ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ಹೆಣಗಿದವರು ಡೆಪ್ಯುಟಿ ಚನ್ನಬಸಪ್ಪನವರು. ಅವರ ತರುವಾಯ 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1911ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನಿಂದ ಬಂದು, ಕನ್ನಡ ಮಾತು ತಲೆಯೆತ್ತುವ ಬಗೆ ಯಾವುದು ಎಂದು ಭಾಷಣ ಮಾಡಿದ್ದು ಇದೇ ಸಂಘದಲ್ಲಿ. ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' 1917ರಲ್ಲಿ ಹೊರಬಂದು, ಮೂರು ನಾಲ್ಕು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ತಮ್ಮದೂ ಒಂದು ನಾಡು ಇತ್ತೆಂಬ ನೆನಪು ಮಾಡಿಕೊಟ್ಟಿತು. ಅದೇ ವರ್ಷ ಕರ್ನಾಟಕ ಕಾಲೇಜು ಶುರುವಾಗಿ, ಹಳ್ಳಿಗಳ ಹುಡುಗರು ಕಲಿಯಲು ಧಾರವಾಡಕ್ಕೆ ಬರತೊಡಗಿದರು.

ರಾಜಕಾರಣವೂ ಬಿಸಿಯಾಗಿತ್ತು. 1920ರಲ್ಲಿ ಮೊದಲ ಕರ್ನಾಟಕ ರಾಜಕೀಯ ಪರಿಷತ್ತು ಧಾರವಾಡದಲ್ಲಿ ಸೇರಿತು. 1921ರ ಜುಲೈ 1ರಂದು ಅಸಹಕಾರ ಮತ್ತು ಖಿಲಾಫತ್ ಚಳವಳಿಯ ಹೊತ್ತಿನಲ್ಲಿ ಜಕಣಿ ಬಾವಿಯ ಹತ್ತಿರ ಪೊಲೀಸರು ಗುಂಡು ಹಾರಿಸಿದರು; ಮೂವರು ಸತ್ತರು. ಗುಂಪು ಸೇರಿದ್ದು ಇದಾದ ಮರುವರ್ಷ. ಕನ್ನಡ, ಸ್ವರಾಜ್ಯ, ಏಕೀಕರಣ ಇವು ಆ ತರುಣರಿಗೆ ಮೂರು ಬೇರೆ ಬೇರೆ ವಿಷಯಗಳಾಗಿರಲಿಲ್ಲ. ಕವಿತೆ ಓದಲು ಕೂತವರು ನಾಡಿನ ಮಾತಿಗೆ ಹೊರಳುತ್ತಿದ್ದರು, ನಾಡಿನ ಮಾತಿಗೆ ಕೂತವರು ಕವಿತೆಗೆ ಹೊರಳುತ್ತಿದ್ದರು.

ಬೇಂದ್ರೆಯವರ ಮನೆಮಾತು ಮರಾಠಿ. ಕಲಿತದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, 1918ರಲ್ಲಿ ಬಿ. ಎ. ಮುಗಿಸಿ ಊರಿಗೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದರು. ಮರಾಠಿಯಲ್ಲಿ ಬರೆಯುವುದು ಅವರಿಗೆ ಕಷ್ಟವಿರಲಿಲ್ಲ, ಮುಂದೆ ಬರೆದರು ಕೂಡ. ಪುಣೆಯಲ್ಲಿ ಅದೇ ಸುಮಾರಿಗೆ ಮಾಧವ ಜೂಲಿಯನ್, ಯಶವಂತ, ಗಿರೀಶ ಮೊದಲಾದ ಕವಿಗಳು ರವಿಕಿರಣ ಮಂಡಳ ಎಂಬ ಕೂಟ ಕಟ್ಟಿ ಒಬ್ಬರ ಕವಿತೆ ಒಬ್ಬರಿಗೆ ಓದಿ ಹೇಳುತ್ತಿದ್ದರು. ಕೃಷ್ಣಾ ನದಿಯ ಆಚೆಗೂ ಈಚೆಗೂ ಒಂದೇ ಗಾಳಿ ಬೀಸುತ್ತಿತ್ತು. ಆದರೂ ಬೇಂದ್ರೆ ಆರಿಸಿಕೊಂಡದ್ದು ತಾವು ಬೆಳೆದ ಓಣಿಯ ಮಾತನ್ನು. 1922ರಲ್ಲಿ ಅವರ ಮೊದಲ ಕಾವ್ಯ 'ಕೃಷ್ಣಕುಮಾರಿ' ಅಚ್ಚಾಯಿತು. ತಾಯಿ ಅಂಬವ್ವನ ನೆನಪಿಗೆ ಅಂಬಿಕಾತನಯದತ್ತ ಎಂಬ ಕಾವ್ಯನಾಮ ನಿಂತಿತು.

ಯಾರು ಯಾರು ಕೂಡಿದರು

ಗುಂಪಿನವರ ಹೆಸರುಗಳನ್ನು ಇಂದು ಓದಿದರೆ ಅದು ಉತ್ತರ ಕರ್ನಾಟಕದ ಸಾಹಿತ್ಯದ ಪರಿವಿಡಿಯಂತೆ ಕಾಣುತ್ತದೆ. ಅಂದು ಅವರಲ್ಲಿ ಹೆಚ್ಚಿನವರಿಗೆ ಹೆಸರೇ ಇರಲಿಲ್ಲ.

ಬೇಂದ್ರೆಯವರ ಸರಿವಯಸ್ಕರು ಶಂ. ಬಾ. ಜೋಶಿ. ಸವದತ್ತಿ ಸೀಮೆಯ ಗುರ್ಲಹೊಸೂರಿನವರು, ಕನ್ನಡ ಶಾಲೆಯ ಮಾಸ್ತರರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಊರ ಹೆಸರು, ಹಳೆಯ ಪದ, ಶಾಸನದ ಚೂರುಗಳನ್ನು ಹಿಡಿದು ಕನ್ನಡಿಗರ ಮೂಲವನ್ನು ಹುಡುಕಿದವರು. ಗೋಕಾಕ ಸೀಮೆಯ ಬೆಟಗೇರಿಯಿಂದ ಬಂದ ಕೃಷ್ಣಶರ್ಮರು ಆನಂದಕಂದ ಎಂಬ ಕಾವ್ಯನಾಮದಿಂದ ಹೆಸರಾದರು, ಅವರಿಗಾಗ 22. ಹೊಳೆಆಲೂರಿನ ರಂ. ಶ್ರೀ. ಮುಗಳಿ, ಸವಣೂರಿನ ವಿನಾಯಕ ಕೃಷ್ಣ ಗೋಕಾಕ ಇವರು ಗುಂಪು ಹುಟ್ಟಿದಾಗ ಇನ್ನೂ ಹುಡುಗರು. ಗೋಕಾಕರಿಗೆ 13 ವರ್ಷ. ಅವರು ಕೂಡಿಕೊಂಡದ್ದು ಕೆಲವು ವರ್ಷಗಳ ಮೇಲೆ, ತರುಣರಾಗಿ. ಮುಂದೆ ಜಡಭರತ ಎಂದು ನಾಟಕ ಬರೆದ ಜಿ. ಬಿ. ಜೋಶಿ ಇದ್ದರು. ಎನ್ಕೆ ಎಂದೇ ಹೆಸರಾದ ಎನ್. ಕೆ. ಕುಲಕರ್ಣಿ, ಗಾಂಧೀವಾದಿ ಸಿದ್ದವನಹಳ್ಳಿ ಕೃಷ್ಣಶರ್ಮ ಇದ್ದರು. ವಿಜಾಪುರ ಜಿಲ್ಲೆಯ ಹಲಸಂಗಿಯಿಂದ ಮಧುರಚೆನ್ನರ ನಂಟು ಇತ್ತು.

ಗಮನಿಸಬೇಕಾದ ಮಾತೆಂದರೆ, ಇವರೆಲ್ಲ ಒಂದೇ ಬಗೆಯ ಬರಹಗಾರರಾಗಿರಲಿಲ್ಲ. ಒಬ್ಬರು ಭಾವಗೀತೆಯವರು, ಒಬ್ಬರು ಸಂಶೋಧಕರು, ಒಬ್ಬರು ಕಾದಂಬರಿಯ ಕಡೆ ವಾಲಿದವರು, ಇನ್ನೊಬ್ಬರು ಸಾಹಿತ್ಯ ಚರಿತ್ರೆಯ ಕಡೆ. ಶಂ. ಬಾ. ಅವರು ಹಳೆಯ ಊರ ಹೆಸರೊಂದನ್ನು ಬಿಡಿಸಿ ಹೇಳುವಾಗ ಕವಿ ಕೇಳುತ್ತಿದ್ದ. ಕವಿ ಪದ್ಯ ಹೇಳುವಾಗ ಸಂಶೋಧಕ ಕೇಳುತ್ತಿದ್ದ. ನುಡಿಯ ಬೇರುಗಳ ಬಗ್ಗೆ ಬೇಂದ್ರೆಯವರಿಗಿದ್ದ ಹಂಬಲವನ್ನೂ, ಶಂ. ಬಾ. ಅವರ ಸಂಶೋಧನೆಯೊಳಗೆ ಕೆಲಸ ಮಾಡುವ ಕಲ್ಪನೆಯನ್ನೂ ಓದುವಾಗ ಈ ನೆರೆಹೊರೆಯನ್ನು ಮರೆಯಲಾಗದು.

ಓದಿ ಹೇಳುವುದು

ಗುಂಪಿಗೆ ಭವ್ಯವಾದ ಕಟ್ಟಡವಿರಲಿಲ್ಲ. ಧಾರವಾಡದ ಸಾಧನಕೇರಿ ಮತ್ತು ಅತ್ತಿಕೊಳ್ಳದ ಹೆಸರುಗಳು ಆ ದಿನಗಳ ನೆನಪಿನೊಂದಿಗೆ ಬೆಸೆದುಕೊಂಡಿವೆ. ಸಾಧನಕೇರಿಯ ಕೆರೆ, ಮಳೆಗಾಲದ ಜಿಟಿಜಿಟಿ, ಕೆಂಪು ಮಣ್ಣಿನ ದಾರಿ ಬೇಂದ್ರೆಯವರ ಕಾವ್ಯದಲ್ಲಿ ಊರಾಗಿ ನಿಂತಿವೆ. ಸಾಧನಕೇರಿಗೆ ಬಾ ಎಂದು ಕರೆಯುವ ಅವರ ಕವಿತೆ ಪ್ರಸಿದ್ಧ. ಮುಪ್ಪಿನಲ್ಲೂ ಅವರು ಮನೆಗೆ ಬಂದವರ ಅಂಗೈಗೆ ಸಕ್ಕರೆ ಹಾಕಿ, ಆಮೇಲೆ ಮಾತಿಗೆ ಕೂರುತ್ತಿದ್ದರೆಂಬುದು ಧಾರವಾಡದವರೆಲ್ಲ ಹೇಳುವ ಸಂಗತಿ. ಬಂದವನು ಕೇಳಲು ಬಂದಿದ್ದಾನೆ, ಕೇಳಲು ಬಂದವನು ಅತಿಥಿ ಎಂಬ ಮರ್ಯಾದೆ ಅದು.

ಬೇಂದ್ರೆಯವರ ಕಾವ್ಯವನ್ನು ಕಣ್ಣಿನಿಂದ ಓದಿದರೆ ಅರ್ಧ ಮಾತ್ರ ದಕ್ಕುತ್ತದೆ. ಒಂದೇ ಧ್ವನಿ ಮೂರು ಸಲ ತಿರುಗಿ ಮೂರು ಅರ್ಥ ಕೊಡುತ್ತದೆ. ಲಯ ನಿಂತಲ್ಲಿ ಉಸಿರು ನಿಲ್ಲುತ್ತದೆ. ಧಾರವಾಡದ ಆಡುಮಾತು ತನ್ನ ಏರಿಳಿತದ ಸಮೇತ ಪದ್ಯದೊಳಗೆ ಬರುತ್ತದೆ. ಅದು ಒಂಟಿಯಾಗಿ ಕೂತು ಬರೆದು ಅಂಚೆಗೆ ಹಾಕುವ ಕವಿಯ ಬರವಣಿಗೆಯಲ್ಲ. ಎದುರಿಗೆ ಕೂತವರ ಮುಖ ನೋಡುತ್ತ ಹೇಳುವ ಕವಿಯದು. ಹಳೆ ಮೈಸೂರಿನ ಗ್ರಂಥಸ್ಥ ಭಾಷೆಯೇ ಕಾವ್ಯದ ಭಾಷೆ ಎಂದು ಬಹುಪಾಲು ಜನ ನಂಬಿದ್ದ ಹೊತ್ತಿನಲ್ಲಿ, ಮನೆಯ ಮಾತಿನಲ್ಲಿ ಪದ್ಯ ಕಟ್ಟಲು ಧೈರ್ಯ ಬೇಕಾಗಿತ್ತು. ಆ ಧೈರ್ಯದ ಒಂದು ಪಾಲು ಕೇಳುಗರಿಂದ ಬಂತೆಂದು ನಾನು ನಂಬುತ್ತೇನೆ. ಎದುರಿಗೆ ಕೂತವರು ಅದೇ ಮಾತು ಆಡುವವರು. ಅವರ ತಲೆದೂಗುವಿಕೆ ಸಿಕ್ಕಿದ ಮೇಲೆ ನಾಡಿನ ಮುಂದೆ ನಿಲ್ಲಲು ಅಳುಕು ಉಳಿಯುವುದಿಲ್ಲ.

ನಾಡಿನ ಮುಂದೆ ನಿಂತ ಘಳಿಗೆಯೂ ಬಂತು. 1929ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನ ಸೇರಿತು. ಕಾಲವನ್ನು ಹಾರುವ ಹಕ್ಕಿಯಾಗಿ ಕಂಡ ಕವಿತೆಯನ್ನು ಬೇಂದ್ರೆ ಅಲ್ಲಿ ಹಾಡಿದರು. ದಕ್ಷಿಣದಿಂದ ಬಂದಿದ್ದ ಬರಹಗಾರರಿಗೆ ಉತ್ತರದಲ್ಲಿ ಎಂಥ ಕವಿ ಎದ್ದಿದ್ದಾನೆಂಬುದು ಆಗ ತಿಳಿಯಿತು. ಅಂಬಿಕಾತನಯದತ್ತ ಇಡೀ ಕನ್ನಡದ ಕವಿಯಾದದ್ದು ಆ ಸಭೆಯಿಂದ. ಆ ಕವಿತೆ ಸೇರಿದ 'ಗರಿ' ಸಂಕಲನ ಅಚ್ಚಾದದ್ದು ಮೂರು ವರ್ಷ ಬಿಟ್ಟು, 1932ರಲ್ಲಿ. ಪುಸ್ತಕ ಬರುವ ಮೊದಲೇ ಕವಿತೆ ಕಿವಿಯಿಂದ ಕಿವಿಗೆ ದಾಟಿ ನಾಡು ತಿರುಗಿತ್ತು.

ಗೋಕಾಕರ ಸಂಗತಿ ಇನ್ನೊಂದು ಬಗೆಯದು. ಕರ್ನಾಟಕ ಕಾಲೇಜಿನ ಜಾಣ ವಿದ್ಯಾರ್ಥಿಯಾಗಿ ಅವರು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಬೇಂದ್ರೆಯವರ ಸಹವಾಸದಲ್ಲಿ ಅವರ ಲೇಖನಿ ಕನ್ನಡಕ್ಕೆ ಹೊರಳಿತು. ಬೇಂದ್ರೆ ತಮ್ಮ ಕಾವ್ಯಗುರುವೆಂದು ಅವರು ಬದುಕಿಡೀ ಹೇಳಿದರು. 1934ರಲ್ಲಿ ಅವರ 'ಕಲೋಪಾಸಕ' ಬಂತು, ಆಕ್ಸ್‌ಫರ್ಡಿನಿಂದ ಮರಳಿದ ಮೇಲೆ 1940ರಲ್ಲಿ 'ಸಮುದ್ರ ಗೀತೆಗಳು' ಬಂತು. ಇಂಗ್ಲಿಷಿನಲ್ಲಿ ಬರೆಯುವ ಬುದ್ಧಿವಂತ ತರುಣನಿಗೆ ಕನ್ನಡದಲ್ಲಿ ಬರೆ ಎಂದು ವೇದಿಕೆಯ ಮೇಲಿಂದ ಹೇಳಿದವರು ಆ ಕಾಲದಲ್ಲಿ ಬಹಳ ಜನ. ಆದರೆ ಬರೆದು ತಂದರೆ ಕೂತು ಕೇಳುತ್ತೇನೆ ಎನ್ನುವ ಹಿರಿಯರು ಸಿಗುವುದು ಕಷ್ಟ. ಗೋಕಾಕರಿಗೆ ಅಂಥವರು ಸಿಕ್ಕರು.

ಹಲಸಂಗಿಯಿಂದ ಬಂದ ದನಿ

ಧಾರವಾಡದ ಗುಂಪಿಗೆ ಒಂದು ಜೊತೆ ಗುಂಪು ಇತ್ತು. ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಕೂಡಿದ್ದರು. ರೈಲು, ಕಾಲೇಜು, ಪತ್ರಿಕೆ ಎಲ್ಲದರಿಂದ ದೂರವಿದ್ದ ಬಿಸಿಲುನಾಡಿನ ಹಳ್ಳಿ ಅದು. ಅವರು ಮಾಡಿದ ಕೆಲಸ ಹೇಳಲು ಸಣ್ಣದು: ತಮ್ಮ ಮನೆಗಳಲ್ಲಿ, ಹೊಲಗಳಲ್ಲಿ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡರು.

ಈ ಹಾಡುಗಳ ಕಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಗಳು ಹಾಡುವುದು ತ್ರಿಪದಿ. ಮೂರು ಸಾಲು, ಒಟ್ಟು ಹನ್ನೊಂದು ಗಣ. ಮೊದಲ ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಕೊನೆಯದರಲ್ಲಿ ಮೂರು. ಆರನೆಯ ಮತ್ತು ಹತ್ತನೆಯ ಗಣ ಮಾತ್ರ ಗಿಡ್ಡ. ಬರೆದಾಗ ಮೂರು ಸಾಲಾದರೂ ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಎತ್ತಿಕೊಳ್ಳುವುದರಿಂದ ಅದು ನಾಲ್ಕು ಸಾಲಿನ ಸುತ್ತಾಗುತ್ತದೆ. ಕಲ್ಲು ಒಂದು ಸುತ್ತು ಬರುವ ಹೊತ್ತಿಗೆ ಹಾಡೂ ತಿರುಗಿ ಬರುತ್ತದೆ. ಗೂಟ ಹಿಡಿದ ಕೈಗೆ ದಣಿವು ತಿಳಿಯಬಾರದು, ಎದುರಿಗೆ ಕೂತವಳು ಮುಂದಿನ ಪದ ಎತ್ತಿಕೊಳ್ಳಲು ಬಿಡುವು ಇರಬೇಕು. ತವರಿನ ನೆನಪು, ಅಣ್ಣತಮ್ಮಂದಿರ ಅಕ್ಕರೆ, ತೊಟ್ಟಿಲ ಕೂಸು, ಅತ್ತೆಮನೆಯ ಸಂಕಟ ಎಲ್ಲವೂ ಆ ಮೂರು ಸಾಲಿನಲ್ಲಿ ಹಿಡಿಸಬೇಕು. ಇದೇ ಛಂದಸ್ಸು ಸುಮಾರು ಕ್ರಿ. ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿದೆ, ಸರ್ವಜ್ಞನಲ್ಲಿದೆ. ಸಾವಿರದ ಇನ್ನೂರು ವರ್ಷಗಳ ಮೇಲೂ ಅದು ಹಲಸಂಗಿಯ ಅಡುಗೆಮನೆಯ ಪಕ್ಕದಲ್ಲಿ ಬೆಳಗಿನ ಜಾವಕ್ಕೆ ಎದ್ದು ದುಡಿಯುತ್ತಿತ್ತು.

1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. 1933ರಲ್ಲಿ ಲಾವಣಿಗಳ ಸಂಗ್ರಹ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಬಂದವು. ಕನ್ನಡ ಜಾನಪದ ಸಂಗ್ರಹದ ಇತಿಹಾಸದಲ್ಲಿ ಈ ಮೂರೂ ಮೊದಲ ಸಾಲಿನ ಪುಸ್ತಕಗಳು. ಧಾರವಾಡದ ಗುಂಪಿಗೆ ಇವು ಓದಿ ಮೆಚ್ಚುವ ಪುಸ್ತಕಗಳಷ್ಟೇ ಆಗಿ ಉಳಿಯಲಿಲ್ಲ. ಬೇಂದ್ರೆಯವರ ಪದ್ಯಗಳಲ್ಲಿ ಹೆಣ್ಣಿನ ದನಿ ಬರುವ ಕಡೆ, ಲಾವಣಿಯ ಗತ್ತು ಬರುವ ಕಡೆ, ತ್ರಿಪದಿಯ ಉಸಿರು ಕೇಳುವ ಕಡೆ ಈ ಸೀಮೆಯ ಹಾಡುಗಾರಿಕೆಯ ಋಣ ಎದ್ದು ಕಾಣುತ್ತದೆ. ಆನಂದಕಂದರ ಹಳ್ಳಿಯ ಹಾಡುಗಳಲ್ಲೂ ಅದೇ ಋಣ. ಅತ್ತ ಮಧುರಚೆನ್ನರು ತಮ್ಮ 'ನನ್ನ ನಲ್ಲ'ದಲ್ಲಿ ಅನುಭಾವಕ್ಕೆ ಗರತಿಯ ಮಾತನ್ನೇ ಹಚ್ಚಿದರು. ಶ್ರೀ ಅರವಿಂದರ ಸೆಳೆತ ಬೇಂದ್ರೆ, ಮಧುರಚೆನ್ನ ಇಬ್ಬರಿಗೂ ಇತ್ತು. ಮಧುರಚೆನ್ನರು ತೀರಿಕೊಂಡದ್ದು ಅರವಿಂದರು ಹುಟ್ಟಿದ ದಿನವೇ, 1953ರ ಆಗಸ್ಟ್ 15ರಂದು.

ಒಂದು ಮಾತನ್ನು ಇಲ್ಲಿ ತಪ್ಪದೆ ಹೇಳಬೇಕು. ಪುಸ್ತಕದ ಹೆಸರಿನಲ್ಲಿ ಗರತಿ ಇದ್ದಾಳೆ. ಗೆಳೆಯರ ಸಾಲಿನಲ್ಲಿ ಅವಳಿಲ್ಲ. ಗುಂಪಿನವರೆಂದು ನಾವು ಎಣಿಸುವ ಹೆಸರುಗಳೆಲ್ಲ ಗಂಡಸರವೇ. ಆ ಹೊತ್ತಿಗೆ ಧಾರವಾಡದಲ್ಲೇ ಶ್ಯಾಮಲಾದೇವಿ ಬೆಳಗಾಂವಕರ ಅವರಂಥವರು ಕಥೆ ಬರೆಯುತ್ತಿದ್ದರು. ಆದರೆ ಸಂಜೆ ಮನೆ ಬಿಟ್ಟು ಹೋಗಿ ತಾಸುಗಟ್ಟಲೆ ಕವಿತೆ ಕೇಳುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿಲ್ಲ. ಗುಂಪಿನ ಕಾವ್ಯ ಯಾರ ದನಿಯಿಂದ ಬಲ ಪಡೆಯಿತೋ ಅವರಿಗೆ ಗುಂಪಿನಲ್ಲಿ ಕೂರುವ ಜಾಗ ಸಿಗಲಿಲ್ಲ. ಗುಂಪಿನ ಸಾಧನೆಯನ್ನು ನೆನೆಯುವಾಗ ಈ ಕೊರತೆಯನ್ನೂ ಜೊತೆಗೇ ನೆನೆಯುವುದು ನ್ಯಾಯ.

ಪತ್ರಿಕೆ ಮತ್ತು ಹಬ್ಬ

ಕೇಳಿದ ಕವಿತೆ ಊರ ಹೊರಗೆ ಹೋಗಬೇಕಾದರೆ ಅಚ್ಚಿನ ದಾರಿ ಬೇಕು. 1922ರ ನವೆಂಬರಿನಲ್ಲಿ ಆಲೂರ ವೆಂಕಟರಾಯರು ಶುರು ಮಾಡಿದ 'ಜಯಕರ್ನಾಟಕ' ಮಾಸಪತ್ರಿಕೆ ಆ ದಾರಿಯಾಯಿತು. ಬೇಂದ್ರೆ, ಬೆಟಗೇರಿ ಕೃಷ್ಣಶರ್ಮ ಮುಂತಾದವರು ಅದಕ್ಕಾಗಿ ದುಡಿದರು, ಅದರ ಪುಟಗಳಲ್ಲಿ ಬೆಳೆದರು. 1938ರಲ್ಲಿ ಬೆಟಗೇರಿಯವರು ತಮ್ಮದೇ 'ಜಯಂತಿ' ಹೊರಡಿಸಿದರು. 1940ರಲ್ಲಿ ಧಾರವಾಡದಲ್ಲಿ ಹುಟ್ಟಿದ 'ಜೀವನ'ವನ್ನು 1944ರಿಂದ ಮಾಸ್ತಿಯವರು ಎರಡು ದಶಕ ನಡೆಸಿದರು. ಚಂದಾ ಸರಿಯಾಗಿ ಬಾರದ, ಕಾಗದದ ಅಂಗಡಿಯ ಸಾಲ ತೀರದ ಕಾಲದಲ್ಲಿ ಕನ್ನಡ ಮಾಸಪತ್ರಿಕೆ ನಡೆಸುವುದೆಂದರೆ ಮನೆಯ ಗಂಟು ಕರಗಿಸುವ ಕೆಲಸ. ಗೆಳೆತನದ ಬಲವಿಲ್ಲದೆ ಅದು ಆಗುವಂಥದಲ್ಲ.

1926ರಲ್ಲಿ ಬೇಂದ್ರೆ ಮತ್ತು ಗೆಳೆಯರು ನಾಡಹಬ್ಬ ಆರಂಭಿಸಿದರು. ನವರಾತ್ರಿ ಮೈಸೂರಿನಲ್ಲಿ ಅರಮನೆಯ ಹಬ್ಬ. ಅಂಬಾರಿ, ದರ್ಬಾರು, ಮಹಾರಾಜರು. ಧಾರವಾಡದ ಕನ್ನಡಿಗರು ಬ್ರಿಟಿಷರ ಪ್ರಜೆಗಳು, ಅವರಿಗೆ ಯಾವ ಮಹಾರಾಜರು? ಗುಂಪು ಅದೇ ನವರಾತ್ರಿಯನ್ನು ತೆಗೆದುಕೊಂಡು ನಾಡಿನ ಹೆಸರಿನಲ್ಲಿ ಆಚರಿಸಿತು. ಉಪನ್ಯಾಸ, ಹಾಡು, ಕವಿತೆ ಓದುವುದು, ಕನ್ನಡ ನಾಡಿನ ಚರಿತ್ರೆ ಹೇಳುವುದು ಇವು ಆ ದಿನಗಳ ಕಾರ್ಯಕ್ರಮ. ಆನೆ, ಕುದುರೆ ಬೇಕಿಲ್ಲ. ಒಂದು ಶಾಲೆಯ ಪಡಸಾಲೆ, ಮಾತಾಡಬಲ್ಲ ಇಬ್ಬರು, ಹಾಡಬಲ್ಲ ಒಬ್ಬರು ಇದ್ದರೆ ಸಾಕು. ಅದಕ್ಕೇ ಅದು ಮುಂಬಯಿ ಕರ್ನಾಟಕದ ಊರೂರಿಗೆ ಹಬ್ಬಿತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಹಾಡಿದ್ದನ್ನು ಕೇಳಿದ್ದ ಜನಕ್ಕೆ, ವರ್ಷಕ್ಕೊಮ್ಮೆ ತಮ್ಮ ಊರಿನಲ್ಲೇ ಆ ಹುರುಪನ್ನು ಮರಳಿ ಪಡೆಯುವ ದಾರಿ ಸಿಕ್ಕಿತು. 1956ರ ನವೆಂಬರ್ 1ರ ಏಕೀಕರಣದ ಹಿಂದೆ ಮನವಿಗಳು, ಆಯೋಗಗಳು, ಚಳವಳಿಗಳು ಇದ್ದವು ನಿಜ. ಕನ್ನಡ ನಾಡು ಒಂದು ಎಂಬ ಭಾವನೆಯನ್ನು ಹಳ್ಳಿಯ ಪಡಸಾಲೆಗೆ ಮುಟ್ಟಿಸಿದ್ದರಲ್ಲಿ ನಾಡಹಬ್ಬದ ಪಾಲು ದೊಡ್ಡದು.

ಸೆರೆಮನೆ, ಚದುರುವಿಕೆ

ಮೂವತ್ತರ ದಶಕ ಗುಂಪಿನ ಪರೀಕ್ಷೆಯ ಕಾಲ. 'ನರಬಲಿ' ಎಂಬ ಕವಿತೆಯಲ್ಲಿ ರಾಜದ್ರೋಹ ಕಂಡ ಸರಕಾರ 1932ರಲ್ಲಿ ಬೇಂದ್ರೆಯವರನ್ನು ಹಿಂಡಲಗಿ ಜೈಲಿಗೆ ಹಾಕಿತು. ಆಮೇಲೆ ಧಾರವಾಡದ ಬಳಿಯ ಮುಗದದಲ್ಲಿ ನಿರ್ಬಂಧದಲ್ಲಿ ಇರಿಸಿತು. ಕೈಯಲ್ಲಿದ್ದ ನೌಕರಿ ಹೋಯಿತು. ಮನೆಯಲ್ಲಿ ಬಡತನ ಮಾತ್ರವಲ್ಲ, ಮಕ್ಕಳ ಸಾವಿನ ಮೇಲೆ ಸಾವು. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಬದುಕಿ ಉಳಿದವರು ಮೂವರು. 'ಗರಿ' ಬಂದ ವರ್ಷ ಮತ್ತು ಸೆರೆಮನೆಯ ವರ್ಷ ಒಂದೇ ಎಂಬುದನ್ನು ನೆನೆದಾಗ ಆ ಕವಿತೆಗಳ ನಗುವಿನ ಬೆಲೆ ತಿಳಿಯುತ್ತದೆ.

ಗೆಳೆಯರು ಒಬ್ಬೊಬ್ಬರಾಗಿ ಬದುಕಿನ ದಾರಿ ಹಿಡಿದರು. ಗೋಕಾಕರು 1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಅಧ್ಯಾಪಕರಾಗಿ ಹೋದರು, ಅಲ್ಲಿಂದ ಆಕ್ಸ್‌ಫರ್ಡಿಗೆ. ಮುಗಳಿಯವರು ಸಾಂಗಲಿಯ ವಿಲಿಂಗ್ಡನ್ ಕಾಲೇಜು ಸೇರಿದರು. ಬೇಂದ್ರೆಯವರು 1943ರಲ್ಲಿ ಶಿವಮೊಗ್ಗದ ಸಮ್ಮೇಳನದ ಅಧ್ಯಕ್ಷರಾದರು. ನಾಡು ಅಷ್ಟು ಎತ್ತರಕ್ಕೆ ಏರಿಸಿದ ಕವಿ ಮರುವರ್ಷ ಹೊಟ್ಟೆಪಾಡಿಗೆ ಸೊಲ್ಲಾಪುರದ ಕಾಲೇಜಿಗೆ ಹೋಗಬೇಕಾಯಿತು. ಎನ್ಕೆ ಮುಂದೆ ಧಾರವಾಡದ ಆಕಾಶವಾಣಿಯಲ್ಲಿ ದುಡಿದರು. ದಿನವೂ ಕೂಡುವ ಗುಂಪಾಗಿ ಅದು ಉಳಿಯಲಿಲ್ಲ.

ಅದನ್ನು ಸೋಲೆಂದು ಎಣಿಸಬೇಕಿಲ್ಲ. ಶಂ. ಬಾ. ಅವರ 'ಕಣ್ಮರೆಯಾದ ಕನ್ನಡ' 1933ರಲ್ಲಿ ಬಂತು. ಮುಗಳಿಯವರ 'ಕನ್ನಡ ಸಾಹಿತ್ಯ ಚರಿತ್ರೆ'ಗೆ 1956ರಲ್ಲಿ, ಬೇಂದ್ರೆಯವರ 'ಅರಳು ಮರಳು' ಸಂಕಲನಕ್ಕೆ 1958ರಲ್ಲಿ, ಗೋಕಾಕರ 'ದ್ಯಾವಾ ಪೃಥಿವೀ'ಗೆ 1960ರಲ್ಲಿ, ಶಂ. ಬಾ. ಅವರ 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗಳು ಬಂದವು. 'ನಾಕು ತಂತಿ'ಗಾಗಿ 1973ರಲ್ಲಿ ಬೇಂದ್ರೆಯವರಿಗೆ ಜ್ಞಾನಪೀಠ, 1990ರಲ್ಲಿ ಗೋಕಾಕರಿಗೆ. ಒಂದು ಊರಿನ ಒಂದು ಸ್ನೇಹಕೂಟದ ಫಸಲು ಇದು.

ಅಟ್ಟಕ್ಕೆ ಏರಿದ ಗುಂಪು

ಗುಂಪಿನ ಕೇಳುವ ಅಭ್ಯಾಸ ಮುಂದುವರಿದದ್ದು ಜಿ. ಬಿ. ಜೋಶಿಯವರ ಕೈಯಲ್ಲಿ. 1933ರಲ್ಲಿ ಅವರು ಗೆಳೆಯರ ಜೊತೆ ಮನೋಹರ ಗ್ರಂಥಮಾಲೆ ತೆರೆದರು. ಓದುಗರನ್ನು ಚಂದಾದಾರರನ್ನಾಗಿ ಮಾಡಿ ಪುಸ್ತಕ ಮುಟ್ಟಿಸುವ ವ್ಯವಸ್ಥೆ ಅದು. ಧಾರವಾಡದ ಸುಭಾಸ ರಸ್ತೆಯಲ್ಲಿ ಗ್ರಂಥಮಾಲೆಯ ಅಟ್ಟವಿದೆ. ಕಡಿದಾದ ಮೆಟ್ಟಿಲು ಹತ್ತಿ ಹೋದವರಿಗೆ ಅಲ್ಲಿ ಪ್ರಕಾಶಕನ ಕಚೇರಿಯ ಗಾಂಭೀರ್ಯ ಕಾಣುತ್ತಿರಲಿಲ್ಲ. ಚಹಾ, ಹರಟೆ, ಬಿಚ್ಚಿಟ್ಟ ಹಸ್ತಪ್ರತಿ ಕಾಣುತ್ತಿದ್ದವು. ಐವತ್ತರ ದಶಕದ ಕೊನೆಯ ಹೊತ್ತಿಗೆ ಕೀರ್ತಿನಾಥ ಕುರ್ತಕೋಟಿ ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾದರು. ಎ. ಕೆ. ರಾಮಾನುಜನ್, ಗಿರೀಶ ಕಾರ್ನಾಡ ಆ ಅಟ್ಟ ಹತ್ತಿದವರು.

ಕೇಳುವವನ ಒಂದು ಮಾತು ಏನು ಮಾಡಬಲ್ಲದು ಎಂಬುದನ್ನು ಕಾರ್ನಾಡರ ಬದುಕಿನಲ್ಲಿ ನೋಡಬಹುದು. 1961ರಲ್ಲಿ ಅವರ 'ಯಯಾತಿ'ಯನ್ನು ಗ್ರಂಥಮಾಲೆ ಪ್ರಕಟಿಸಿತು. ಬರೆದವನು ಇನ್ನೂ ಇಂಗ್ಲೆಂಡಿನಲ್ಲಿ ಓದುತ್ತಿದ್ದ ತರುಣ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕಗಳಿಲ್ಲ ಎಂದು ಕುರ್ತಕೋಟಿಯವರು ಬರೆದದ್ದು ಆ ತರುಣನ ಮನಸ್ಸಿಗೆ ನಾಟಿತು. ಅದಕ್ಕೆ ಉತ್ತರವಾಗಿ 1964ರಲ್ಲಿ 'ತುಘಲಕ್' ಬಂತು ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಮರುವರ್ಷ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನೂ ಪ್ರಕಟಿಸಿದ್ದು ಇದೇ ಗ್ರಂಥಮಾಲೆ. ನವೋದಯ ಪೀಳಿಗೆಯ ಗೆಳೆಯರು ಕಟ್ಟಿದ ಮನೆಯಲ್ಲಿ ಅದರ ನಂತರದ ನವ್ಯ ಪೀಳಿಗೆಯ ಹುಡುಗರಿಗೆ ಜಾಗ ಸಿಕ್ಕಿತು. ತಮ್ಮ ಅಭಿರುಚಿಗೆ ಹೊಂದದ ಬರವಣಿಗೆಯನ್ನೂ ಕೂತು ಕೇಳುವ ದೊಡ್ಡತನ ಗುಂಪಿನಿಂದ ಬಂದವರಿಗೆ ಇತ್ತು. ನನ್ನ ದೃಷ್ಟಿಯಲ್ಲಿ ಜಿ. ಬಿ. ಅವರ ಅತಿ ದೊಡ್ಡ ಗುಣ ಇದೇ.

ನಮ್ಮ ಪಾಲಿನ ಕೆಲಸ

ಇಂದು ಪುಸ್ತಕ ಅಚ್ಚು ಮಾಡಿಸುವುದು ಸುಲಭವಾಗಿದೆ. ಕರ್ನಾಟಕದ ಬಹಳಷ್ಟು ಜಿಲ್ಲೆಗಳಲ್ಲಿ ವಿಶ್ವವಿದ್ಯಾಲಯಗಳಿವೆ, ಅಕಾಡೆಮಿಗಳಿವೆ, ಪ್ರಶಸ್ತಿಗಳಿಗೆ ಕೊರತೆಯಿಲ್ಲ. ಬಿಡುಗಡೆಯ ಸಮಾರಂಭದಲ್ಲಿ ಹಾರ ಹಾಕುವವರು ಸಿಗುತ್ತಾರೆ. ಮುಗಿಯದ ಕವಿತೆಯೊಂದನ್ನು ಹಿಡಿದುಕೊಂಡು ಹೋದರೆ, ಮೂರನೆಯ ಸಾಲಿನಲ್ಲಿ ಲಯ ತಪ್ಪಿದೆ, ಮತ್ತೊಮ್ಮೆ ಓದು ಎನ್ನುವ ಒಬ್ಬ ಗೆಳೆಯ ಸಿಗುವುದು ಕಷ್ಟವಾಗಿದೆ. ಬರೆಯುವವರ ಒಂಟಿತನ 1922ಕ್ಕಿಂತ ಇಂದು ಕಡಿಮೆಯಾಗಿದೆ ಎಂದು ನನಗೆ ಅನಿಸುವುದಿಲ್ಲ.

ಗೆಳೆಯರ ಗುಂಪು ಇದಕ್ಕೆ ಒಂದು ದಾರಿ ತೋರಿಸಿಕೊಟ್ಟಿದೆ, ಆ ದಾರಿಗೆ ದುಡ್ಡು ಬೇಕಿಲ್ಲ. ಶಾಲೆಯ ಮಾಸ್ತರರು, ಕಾಲೇಜಿನ ವಿದ್ಯಾರ್ಥಿಗಳು, ಹಳ್ಳಿಯ ಹಾಡು ಬರೆದುಕೊಳ್ಳುವ ತರುಣರು ಕೂಡಿ ಇಷ್ಟನ್ನು ಮಾಡಿದರು. ಅವರು ಮಾಡದೆ ಬಿಟ್ಟ ಕೆಲಸವೂ ನಮ್ಮ ಮುಂದಿದೆ. ಅವರ ಕೂಟದಲ್ಲಿ ಜಾಗ ಸಿಗದ ಹೆಣ್ಣುಮಕ್ಕಳು, ಅವರ ಕಾಲಕ್ಕೆ ಅಕ್ಷರ ಮುಟ್ಟದ ಕೇರಿಗಳ ಮಕ್ಕಳು ಇಂದು ಬರೆಯುತ್ತಿದ್ದಾರೆ. ಇಂಡಿಯಲ್ಲಿ, ಗುರ್ಲಹೊಸೂರಿನಲ್ಲಿ, ಸವಣೂರಿನಲ್ಲಿ ಅವರು ಬರೆದು ತಂದದ್ದನ್ನು ತಿಂಗಳಿಗೊಮ್ಮೆಯಾದರೂ ಕೂತು ಕೇಳುವ ನಾಲ್ಕು ಜನ ಬೇಕು. ಗುಂಪಿನ ನೂರು ವರ್ಷಗಳನ್ನು ನೆನೆಯುವ ಅತ್ಯುತ್ತಮ ಬಗೆ ಭಾಷಣವಲ್ಲ, ಅಂಥ ಇನ್ನೊಂದು ಗುಂಪು.